ಪ್ರೊಸೆಸರ್ ಬದಲಿಸಬೇಕಾ, ಗ್ರಾಫಿಕ್ಸ್ ಕಾರ್ಡಾ? ಪಿಸಿಯನ್ನೇ ಕೇಳಿ

ಮಣಿಪಾಲದ ಹಾಸ್ಟೆಲ್ ರೂಮಿನಲ್ಲಿರಲಿ, ಕಾಪು, ಕಾರ್ಕಳದ ಮನೆಯಲ್ಲಿರಲಿ, ಗೇಮಿಂಗ್ ಪಿಸಿಗೆ ನಾಲ್ಕೈದು ವರ್ಷ ಆದ ಕೂಡಲೇ ಬರುವ ಪ್ರಶ್ನೆ ಇದು. ಹೊಸ ಗೇಮ್ ತಡವರಿಸ್ತದೆ, ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಕು. ಪ್ರೊಸೆಸರ್ ತಗೊಳ್ಳುವುದಾ, ಗ್ರಾಫಿಕ್ಸ್ ಕಾರ್ಡಾ? ಇದಕ್ಕೆ ಉತ್ತರ ನಿಮ್ಮ ಪಿಸಿಯಲ್ಲೇ ಉಂಟು. ಅರ್ಧ ಗಂಟೆಯಲ್ಲಿ ಗೊತ್ತಾಗ್ತದೆ.

ಮೊದಲು ಇವೆರಡರ ಕೆಲಸ ನೋಡುವ. ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು ಅಂತ ಪ್ರತಿ ಫ್ರೇಮಿಗೂ ಲೆಕ್ಕ ಹಾಕುವುದು ಪ್ರೊಸೆಸರ್. ಆ ಲೆಕ್ಕದಂತೆ ಬೆಳಕು, ನೆರಳು, ಬಣ್ಣ ತುಂಬಿ ಚಿತ್ರ ಮಾಡುವುದು ಗ್ರಾಫಿಕ್ಸ್ ಕಾರ್ಡ್. ಯಕ್ಷಗಾನದಲ್ಲಿ ಭಾಗವತರು ಪದ ಎತ್ತಿದ ಮೇಲೆಯೇ ವೇಷಧಾರಿ ಕುಣಿಯುವುದಲ್ವಾ? ಪದ ನಿಧಾನ ಆದರೆ ಎಂಥ ಕಲಾವಿದರಿಗೂ ಚುರುಕು ಕುಣಿತ ಸಾಧ್ಯ ಇಲ್ಲ. ವೇಷಧಾರಿಗೆ ದಣಿವಾದರೆ ಪದ ಬೇಗ ಹೇಳಿಯೂ ಪ್ರಯೋಜನ ಇಲ್ಲ. ನಿಮ್ಮ ಪಿಸಿಯಲ್ಲಿ ಯಾರು ಯಾರಿಗೆ ಕಾಯ್ತಿದ್ದಾರೆ ಅಂತ ಕಂಡುಹಿಡಿಯಬೇಕು, ಅಷ್ಟೇ.

ಬಳಕೆಯ ಅಂಕಿ ತೋರಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಉಚಿತವಾಗಿ ಸಿಗ್ತದೆ, ಹಾಕಿಕೊಳ್ಳಿ. ವಿ-ಸಿಂಕ್, ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್) ಮಿತಿ ಎರಡನ್ನೂ ಆಫ್ ಮಾಡಿ. ನೀವು ದಿನಾ ಆಡುವ ಗೇಮನ್ನೇ ಆಡಿ, ಗ್ರಾಫಿಕ್ಸ್ ಕಾರ್ಡಿನ ಬಳಕೆ ಎಷ್ಟು ಅಂತ ನೋಡಿ. 95ರಿಂದ 99 ಶೇಕಡಾ ಇದ್ದರೆ ಕಾರ್ಡ್ ಪೂರ್ತಿ ದುಡಿಯುತ್ತಿದೆ, ತಡೆ ಅಲ್ಲೇ. 60–70ರಲ್ಲೇ ನಿಂತು ಎಫ್‌ಪಿಎಸ್ ಕೂಡ ಏರದಿದ್ದರೆ ಕಾರ್ಡ್ ಪ್ರೊಸೆಸರಿಗೆ ಕಾಯ್ತಾ ಉಂಟು. ಇಲ್ಲಿ ಒಂದು ಎಚ್ಚರ: ಪ್ರೊಸೆಸರ್ ಬಳಕೆ 40 ಶೇಕಡಾ ಅಂತ ತೋರಿಸಿದರೂ ಒಂದು ಕೋರ್ ಪೂರ್ತಿ ಸುಸ್ತಾಗಿರಬಹುದು. ಅದಕ್ಕೇ ಎರಡನೇ ಪರೀಕ್ಷೆ. ರೆಸಲ್ಯೂಶನ್ 1080ಪಿಯಿಂದ 720ಪಿಗೆ ಇಳಿಸಿ. ಎಫ್‌ಪಿಎಸ್ ಚೆನ್ನಾಗಿ ಏರಿದರೆ ಕಾರ್ಡ್ ಬದಲಿಸಿ. ಇದ್ದಲ್ಲೇ ಇದ್ದರೆ ಪ್ರೊಸೆಸರ್ ನೋಡಿ.

ಯಾವ ಗೇಮ್, ಯಾವ ಮಾನಿಟರ್ ಅನ್ನುವುದೂ ಮುಖ್ಯ ಮಾರಾಯ್ರೇ. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಆಡುವವರಿಗೆ 144 ಹರ್ಟ್ಜ್ ಮಾನಿಟರ್ ಇದ್ದರೆ ಸುಮಾರು 7 ಮಿಲಿಸೆಕೆಂಡಿಗೊಂದು ಫ್ರೇಮ್ ಬೇಕು. ಅಲ್ಲಿ ಭಾರ ಹೆಚ್ಚಾಗಿ ಪ್ರೊಸೆಸರ್ ಮೇಲೆ. 60 ಹರ್ಟ್ಜ್ ಮಾನಿಟರಿನಲ್ಲಿ ಸೈಬರ್‌ಪಂಕ್ 2077 ಆಡುವವರಿಗೆ 16 ಮಿಲಿಸೆಕೆಂಡಿಗಿಂತ ಹೆಚ್ಚು ಸಮಯ ಸಿಗ್ತದೆ, ಆದರೆ ಚಿತ್ರದ ಕೆಲಸವೇ ಬೆಟ್ಟದಷ್ಟು. ಅಲ್ಲಿ ಕಾರ್ಡೇ ಗತಿ.

ಈಗ ಹೊಂದಾಣಿಕೆ. ಎಎಂಡಿಯ ಎಎಂ4 ಮದರ್‌ಬೋರ್ಡ್ ಇದ್ದವರು ಅದೃಷ್ಟವಂತರು. ಮೊದಲು ಬಯಾಸ್ ಅಪ್‌ಡೇಟ್ ಮಾಡಿ, ಆಮೇಲೆ 2019ರ ರೈಜನ್ 5 3600 ತೆಗೆದು, ಅದೇ ಬೋರ್ಡಿಗೆ 2022ರ ರೈಜನ್ 5 5600 ಹಾಕಬಹುದು. ಆದರೆ ಇಂಟೆಲ್ 10ನೇ ತಲೆಮಾರಿನ ಬೋರ್ಡಿಗೆ 12ನೇ ತಲೆಮಾರಿನ ಪ್ರೊಸೆಸರ್ ಕೂರುವುದಿಲ್ಲ, ಬೋರ್ಡೂ ಹೊಸತು ಬೇಕು. ಎಎಂ5ಗೆ ಹೋದರೆ ಡಿಡಿಆರ್5 ರ‍್ಯಾಮೂ ಸೇರಿ ಖರ್ಚು ಮೂರು ಕಡೆ. ಕಾರ್ಡ್ ಹಾಗಲ್ಲ, ಮುಂದೆ ಹೊಸ ಪಿಸಿ ಕಟ್ಟಿದರೂ ಅದಕ್ಕೇ ಹಾಕಿಕೊಳ್ಳಬಹುದು. ಕಾರ್ಡಿಗೆ ನೋಡಬೇಕಾದದ್ದು ಪವರ್ ಸಪ್ಲೈ. ಜಿಟಿಎಕ್ಸ್ 1650ಕ್ಕೆ 75 ವ್ಯಾಟ್ ಸಾಕು, ಹೆಚ್ಚಿನವಕ್ಕೆ ಬೇರೆ ಕೇಬಲ್ ಬೇಡ. ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟ್, ಕೇಬಲ್ ಬೇಕೇ ಬೇಕು. ಕ್ಯಾಬಿನೆಟ್ಟಿನಲ್ಲಿ ಅದರ ಉದ್ದಕ್ಕೆ ಜಾಗ ಇದೆಯಾ ಅಂತ ಅಳೆಯಿರಿ.

ದುಡ್ಡು ಕೊಡುವ ಮೊದಲು ಇನ್ನೆರಡು ಕೆಲಸ ಉಂಟು. ರ‍್ಯಾಮ್ ಒಂದೇ ಸ್ಟಿಕ್ ಇದ್ದರೆ ಅಂಥದ್ದೇ ಇನ್ನೊಂದು ಹಾಕಿ. ಡ್ಯುಯಲ್ ಚಾನೆಲ್ ಆದರೆ ಪ್ರೊಸೆಸರಿಗೆ ಉಸಿರು ಬಂದ ಹಾಗೆ. ಆಮೇಲೆ ಕ್ಯಾಬಿನೆಟ್ ಬಿಚ್ಚಿ ಧೂಳು ತೆಗೆಯಿರಿ, ಹಳೆ ಥರ್ಮಲ್ ಪೇಸ್ಟ್ ಬದಲಿಸಿ. ನಮ್ಮ ಕರಾವಳಿಯ ಸೆಕೆಯಲ್ಲಿ ಬಿಸಿಯಾದ ಚಿಪ್ ತಾನಾಗಿ ವೇಗ ಇಳಿಸಿಕೊಳ್ತದೆ, ನಾವದನ್ನು ಹಳತಾಯ್ತು ಅಂದುಕೊಳ್ತೇವೆ. ಕಾಪುವಿನಂತೆ ಸಮುದ್ರದ ಪಕ್ಕ ಮನೆ ಇದ್ದರೆ ಉಪ್ಪುಗಾಳಿಗೆ ಕನೆಕ್ಟರುಗಳು ತುಕ್ಕು ಹಿಡಿಯುತ್ತವೆ, ಅದನ್ನೂ ನೋಡಿ. ಇಷ್ಟು ಮಾಡಿ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಿ.

ಆಗಲೂ ಸಾಲದಿದ್ದರೆ ಖಂಡಿತ ಖರೀದಿಸಿ. ಉಡುಪಿಯ ಅಂಗಡಿಗೆ ಹೋಗಿ, ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸಿ, ಆನ್‌ಲೈನ್ ಆರ್ಡರ್ ಮಾಡಿ; ಬೋರ್ಡಿನ ಹೆಸರು, ಪವರ್ ಸಪ್ಲೈಯ ವ್ಯಾಟ್, ಎರಡೂ ಪರೀಕ್ಷೆಯ ಅಂಕಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಪ್ಪ-ಅಮ್ಮ ಕೊಟ್ಟ ದುಡ್ಡೋ, ಮೊದಲ ಸಂಬಳವೋ, ಅದು ಸರಿಯಾದ ಜಾಗಕ್ಕೇ ಹೋಗಬೇಕು.