ತಾಲೂಕಿನ ಕೋರ್ಟು ಪರರ ಮನೆಯಲ್ಲ

(ಯಮಕನಮರಡಿಯ ಸಭೆಯಲ್ಲಿ ಮಾಡಿದ ಭಾಷಣ)



ಕೋರ್ಟಿನ ಮೆಟ್ಟಿಲು ಹತ್ತಿದ ಮನೆ ಉದ್ಧಾರವಾಗದೆಂಬ ಮಾತು ನಮ್ಮ ಮೊಹಲ್ಲಾಗಳಲ್ಲಿ ಹಳೆಯದು. ಖರ್ಚು, ವಿಳಂಬ, ತಾರೀಖಿನ ಮೇಲೆ ತಾರೀಖು ಇವುಗಳಿಂದ ಬೇಸತ್ತವರ ಮಾತದು, ಸುಳ್ಳೆನ್ನಲಾಗದು. ಆದರೆ ಅದನ್ನು ಹೆಚ್ಚಾಗಿ ಯಾರಿಗೆ ಹೇಳಲಾಗುತ್ತದೆ? ತವರಿನ ಆಸ್ತಿಯಲ್ಲಿ ಪಾಲು ಕೇಳಿದ ಸಹೋದರಿಗೆ, ಜೀವನಾಂಶ ಕೇಳಿದ ಪತ್ನಿಗೆ. ಹೊಲದ ಬಾಂದಿನ ತಕರಾರು ಬಂದರೆ ಗಂಡಸರಾದ ನಾವು ಹಿಂಜರಿಯದೆ ವಕೀಲರನ್ನು ಹುಡುಕುತ್ತೇವೆ.

ಆದಿಲ್‌ಶಾಹಿ ಕಾಲದಲ್ಲಿ ನಮ್ಮ ಹುಕ್ಕೇರಿ ಮಹತ್ವದ ಊರಾಗಿತ್ತು. ಆ ಕಾಲದ ಗುಮ್ಮಟಗಳು ಈಗಲೂ ಅಲ್ಲಿ ನಿಂತಿವೆ. ಅಂದು ಕಾಝಿಯೆಂದರೆ ನಿಕಾಹ್ ಓದಿಸುವವರಷ್ಟೇ ಅಲ್ಲ, ರಾಜ್ಯವೇ ನೇಮಿಸಿದ ನ್ಯಾಯಾಧೀಶರು. ಬ್ರಿಟಿಷರು 1864ರ ಕಾಯ್ದೆಯ ಮೂಲಕ ಸರಕಾರದ ಕಾಝಿ ನೇಮಕವನ್ನು ನಿಲ್ಲಿಸಿದರು. 1880ರ ಕಾಝಿ ಕಾಯ್ದೆ ನೇಮಕಕ್ಕೆ ಮತ್ತೆ ದಾರಿ ಮಾಡಿತಾದರೂ ನ್ಯಾಯ ತೀರ್ಮಾನದ ಅಧಿಕಾರವನ್ನು ಕೊಡಲಿಲ್ಲ. ಆ ಅಧಿಕಾರ ಸಿವಿಲ್ ನ್ಯಾಯಾಲಯಗಳದ್ದಾಗಿತ್ತು. ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ ಜಿಲ್ಲೆಗೆ 1869ರ ಮುಂಬಯಿ ಸಿವಿಲ್ ನ್ಯಾಯಾಲಯಗಳ ಕಾಯ್ದೆ ಅನ್ವಯವಾಯಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯ ಸೇರಿತು. 1964ರ ಕಾಯ್ದೆ ಕೆಳಹಂತದಲ್ಲಿ ಮುನ್ಸಿಫ್ ಕೋರ್ಟನ್ನು ಇರಿಸಿತು. ಇಂದು ಅವರನ್ನು ಸಿವಿಲ್ ನ್ಯಾಯಾಧೀಶರು (ಕಿರಿಯ ವಿಭಾಗ) ಎನ್ನುತ್ತೇವೆ. ಹೈಕೋರ್ಟಿಗಾಗಿ ಮೊದಲು ಮುಂಬಯಿಗೆ, ಆಮೇಲೆ ಬೆಂಗಳೂರಿಗೆ ಅಲೆಯುತ್ತಿದ್ದ ಈ ಭಾಗದವರಿಗೆ 2008ರ ಜುಲೈ 4ರಂದು ಧಾರವಾಡದಲ್ಲಿ ಸಂಚಾರಿ ಪೀಠ ದೊರೆಯಿತು. 2013ರಲ್ಲಿ ಅದು ಕಾಯಂ ಆಯಿತು.

ವಕೀಲ, ಮುನ್ಸಿಫ್, ಅರ್ಜಿ, ಜಾಮೀನು, ರಾಜಿ, ಅದಾಲತ್ ಮೊದಲಾದ ಮಾತುಗಳೆಲ್ಲ ಅರಬ್ಬಿ-ಫಾರ್ಸಿಯಿಂದ ಬಂದವು. ಆದರೂ ಆ ಅಂಗಳವೇ ನಮಗೆ ಅಪರಿಚಿತವೆಂಬಂತೆ ದೂರ ನಿಲ್ಲುತ್ತೇವೆ.

ಜಮಾಅತಿನ ಹಿರಿಯರು ಕೂರಿಸಿ ಮಾತಾಡಿಸಿ ರಾಜಿ ಮಾಡಿಸುವುದು ಒಳ್ಳೆಯ ಕೆಲಸ, ಅದು ನಡೆಯಲಿ. ಆದರೆ ಒಪ್ಪದವರ ಮೇಲೆ ತೀರ್ಮಾನ ಹೇರಲು ಬರುವುದಿಲ್ಲ. ದಾರುಲ್ ಕಝಾಗಳ ತೀರ್ಪಿಗೆ ಕಾನೂನಿನ ಬಲವಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಗಂಡ ಕರೆದರೂ ಬಾರದಿದ್ದರೆ, ಅಣ್ಣಂದಿರು ಉತಾರೆಯಲ್ಲಿ ತಮ್ಮ ಹೆಸರನ್ನಷ್ಟೇ ಏರಿಸಿಕೊಂಡರೆ ಪಂಚರು ಏನು ಮಾಡಬಲ್ಲರು? ಅಲ್ಲಿಗೆ ಮಾತು ನಿಲ್ಲುತ್ತದೆ, ಹೆಣ್ಣುಮಗಳಿಗೆ ‘ಸಬ್ರ್’ ಬೋಧಿಸಲಾಗುತ್ತದೆ. ಶರೀಅತ್ ಗೊತ್ತುಪಡಿಸಿದ ಪಾಲನ್ನು ನುಂಗಿದವನಿಗೆ ಬೋಧನೆ ಮಾಡುವವರು ಕಡಿಮೆ!

ಎರಡು ವರ್ಷ ಜೀವನಾಂಶ ಕೊಡದ, ನಾಲ್ಕು ವರ್ಷ ಪತ್ತೆಯಿಲ್ಲದ ಗಂಡನಿಂದ ಬಿಡುಗಡೆ ಕೇಳುವ ಹಕ್ಕನ್ನು ಮುಸ್ಲಿಂ ಮಹಿಳೆಗೆ 1939ರ ಕಾಯ್ದೆಯೇ ಕೊಟ್ಟಿದೆ. ಜೀವನಾಂಶದ ಅರ್ಜಿಯನ್ನು ಆಕೆ ತಾನು ವಾಸಿಸುವ ಊರಿನ ವ್ಯಾಪ್ತಿಯಲ್ಲೇ ಸಲ್ಲಿಸಬಹುದು. ಗಂಡನ ಊರಿಗೆ ಹೋಗಬೇಕಿಲ್ಲ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಈ ದಾರಿ ತೆರೆದಿದೆಯೆಂದು 2024ರ ಜುಲೈ 10ರಂದು ಸುಪ್ರೀಂ ಕೋರ್ಟು ಹೇಳಿತು.

ವಕೀಲರ ಫೀಸಿಗೆ ಹಣವೆಲ್ಲಿ ಎಂದು ಕೇಳುವಿರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವಿದೆ. ತಾಲೂಕು ಕಾನೂನು ಸೇವಾ ಸಮಿತಿಗೆ ಅಲ್ಲಿನ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರು. ರಾಜಿಯಾಗುವುದಾದರೆ ಲೋಕ ಅದಾಲತ್ ಇದೆ. ಅಲ್ಲಿಯ ರಾಜಿ ಡಿಕ್ರಿಗೆ ಸಮ, ಕಟ್ಟಿದ ಕೋರ್ಟು ಶುಲ್ಕವೂ ವಾಪಸಾಗುತ್ತದೆ. ಜಮಾಅತಿನಲ್ಲಿ ಮುರಿದುಬಿದ್ದ ಮಾತುಕತೆಯನ್ನು ಅಲ್ಲಿಗೆ ಒಯ್ಯಬಹುದು. ಅಂತಹ ಸಹೋದರಿಯ ಜೊತೆ ಸಮಿತಿಯ ಕಚೇರಿಯವರೆಗೆ ಹೋಗಲು ಈ ಊರಿನ ಜಮಾಅತು ಇಬ್ಬರು ಹಿರಿಯರನ್ನು, ಓದು ಬಲ್ಲ ಒಬ್ಬ ಹೆಣ್ಣುಮಗಳನ್ನು ಇಂದೇ ಗೊತ್ತುಪಡಿಸಲಿ ಎಂಬುದು ನಮ್ಮ ಕೋರಿಕೆ.