ಮಳೆ ಹಿಂದೆ ಸರಿದ ಮೇಲೆ ಸಸಿಹಿತ್ಲು ಕಡಲು



ನೂಲ ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ದೋಣಿ ಇಳಿಸಿದ ಮೊಗವೀರರು ಈಗ ಬಂಗುಡೆ, ಬೂತಾಯಿ ಮೀನಿನ ಬೆನ್ನು ಹತ್ತಿದ್ದಾರೆ. ಸೆಪ್ಟೆಂಬರ್ ಮುಗಿಯುತ್ತ ಬಂದಿದೆ. ಮುಂಗಾರು ಕರಾವಳಿಯಿಂದ ಕಾಲು ತೆಗೆಯುವ ಹೊತ್ತು ಹತ್ತಿರವಾಗಿದೆ. ಇನ್ನು ಕೆಲವು ವಾರಗಳಲ್ಲಿ ಬೆಂಗಳೂರಿನಿಂದ, ಮೈಸೂರಿನಿಂದ, ಹುಬ್ಬಳ್ಳಿಯಿಂದ ಎಳೆಯರು ಮೂಲ್ಕಿಯ ಕಡೆ ಬಸ್ಸು ಹತ್ತುತ್ತಾರೆ, ಸರ್ಫಿಂಗ್ ಕಲಿಯುವ ಆಸೆಯಿಂದ. ಇವರಲ್ಲಿ ಬಹಳ ಮಂದಿ ಫೋನಿನಲ್ಲಿ ಅಲೆಯ ಎತ್ತರ ಎಷ್ಟು ಮೀಟರ್ ಎಂದು ನೋಡಿ ಹೊರಡುತ್ತಾರೆ. ಆ ಒಂದು ಅಂಕಿಯನ್ನು ನಂಬಿ ಕಡಲಿಗೆ ಇಳಿಯುವುದು ಸಾಲದು. ಬರುವ ತಿಂಗಳುಗಳಲ್ಲಿ ಸಸಿಹಿತ್ಲು ಕಡಲು ಹೇಗಿರುತ್ತದೆ, ಅದರ ಮುನ್ಸೂಚನೆಯನ್ನು ಹೊಸಬರು ಓದಬೇಕಾದ ಬಗೆ ಯಾವುದು ಎಂಬುದು ಇವತ್ತಿನ ಮಾತು.

ಸಸಿಹಿತ್ಲು ಇರುವುದು ಮೂಲ್ಕಿಯ ಹತ್ತಿರ, ಮಂಗಳೂರಿನ ಉತ್ತರಕ್ಕೆ, ಹಳೆಯಂಗಡಿಯ ಪಡುವಣಕ್ಕೆ. ನಂದಿನಿ, ಶಾಂಭವಿ ನದಿಗಳು ಕೂಡಿ ಕಡಲು ಸೇರುವ ಅಳಿವೆ ಅಲ್ಲೇ ಇದೆ. ಅಮೆರಿಕದಿಂದ ಬಂದ ಜ್ಯಾಕ್ ಹೆಬ್ನರ್ 2004ರಲ್ಲಿ ಮೂಲ್ಕಿಯಲ್ಲಿ ಆಶ್ರಮ ಕಟ್ಟಿ, ಊರಿನ ಹುಡುಗರ ಕೈಗೆ ಸರ್ಫ್ ಬೋರ್ಡ್ ಕೊಟ್ಟಾಗ ಸಸಿಹಿತ್ಲು ಮೀನುಗಾರರಿಗಷ್ಟೇ ಗೊತ್ತಿದ್ದ ತೀರ. 2016ರ ಮೇ ತಿಂಗಳಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಇಲ್ಲಿ ನಡೆದ ಮೇಲೆ ಇದರ ಹೆಸರು ದೇಶಕ್ಕೆಲ್ಲ ಹಬ್ಬಿತು.

ಹೊಸಬರಿಗೆ ಈ ತೀರ ಒಗ್ಗುವುದಕ್ಕೆ ಮುಖ್ಯ ಕಾರಣ ನೀರಿನಡಿಯ ಮರಳು. ಬಂಡೆಯ ಮೇಲೋ ಹವಳದ ಮೇಲೋ ಮುರಿಯುವ ಅಲೆ ಜಗತ್ತಿನ ಹೆಸರಾಂತ ಸರ್ಫಿಂಗ್ ತಾಣಗಳಲ್ಲಿ ಸಿಗುತ್ತದೆ. ಅಲ್ಲಿ ಬಿದ್ದರೆ ಮೈ ಸೀಳುತ್ತದೆ. ಇಲ್ಲಿ ಅಲೆ ಮುರಿಯುವುದು ಮರಳಿನ ದಿಣ್ಣೆಯ ಮೇಲೆ. ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟು ಆಳಕ್ಕೆ ಬಂದಾಗ ಅದರ ಬುಡ ತಡೆದು ತಲೆ ಮುಂದಕ್ಕೆ ಬೀಳುತ್ತದೆ. ಮುಕ್ಕಾಲು ಮೀಟರಿನ ಅಲೆ ಎಂದರೆ ಸೊಂಟ ಮುಳುಗುವಷ್ಟು ನೀರಿನಲ್ಲಿ ಮುರಿಯುತ್ತದೆ ಎಂದಾಯಿತು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಂಗಳ ಬೇರೆ ಬೇಕಿಲ್ಲ. ನೀರೂ ಬೆಚ್ಚಗೆ, ವರ್ಷದ ಬಹುಕಾಲ 27ರಿಂದ 30 ಡಿಗ್ರಿ ಸೆಲ್ಸಿಯಸ್. ಚಳಿ ತಡೆಯುವ ರಬ್ಬರ್ ಉಡುಪಿನ ಖರ್ಚಿಲ್ಲ.

ಆದರೆ ಮರಳು ನಿಂತಲ್ಲಿ ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಮೀಟರ್ ದಾಟುವ ಮುಂಗಾರಿನ ಅಲೆಗಳು ತೀರದ ಮರಳನ್ನು ಕೆರೆದು ಒಳಗೆ ಎಳೆದುಕೊಂಡು ಹೋಗಿ ಅಲ್ಲಿ ದಿಣ್ಣೆ ಮಾಡುತ್ತವೆ. ಕಡಲು ತಣಿದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ದಿನದಿನವೂ ದಡಕ್ಕೆ ತಂದು ಹಾಕುತ್ತವೆ. ಹಾಗಾಗಿ ಅಕ್ಟೋಬರ್ ಮೊದಲಲ್ಲಿ ದಿಣ್ಣೆ ದೂರ, ದಡಕ್ಕೂ ದಿಣ್ಣೆಗೂ ನಡುವೆ ಆಳದ ಓಣಿ. ಅಲೆ ದೂರದಲ್ಲಿ ಮುರಿಯುವುದನ್ನು ಕಂಡು ಇಲ್ಲೆಲ್ಲ ಆಳವಿಲ್ಲ ಎಂದು ನಡೆದು ಹೊರಟವರ ಕಾಲಿಗೆ ನೆಲ ಸಿಗದೆ ಹೋಗುವುದು ಈ ಓಣಿಯಲ್ಲೇ. ನವೆಂಬರ್, ಡಿಸೆಂಬರ್ ಹೊತ್ತಿಗೆ ದಡ ಅಗಲವಾಗುತ್ತದೆ, ಓಣಿ ತುಂಬುತ್ತ ಬರುತ್ತದೆ. ಈಜು ಅಷ್ಟಾಗಿ ಬಾರದವರು ನವೆಂಬರ್ ಅರ್ಧ ಕಳೆಯುವವರೆಗೆ ಕಾಯುವುದು ಮೇಲು ಎಂದೇ ನಾನು ಹೇಳುತ್ತೇನೆ.

ಈಗ ಅಲೆಯ ವಿಷಯ. ಸಸಿಹಿತ್ಲುವಿಗೆ ಬರುವ ಅಲೆಗಳಲ್ಲಿ ಎರಡು ಜಾತಿ. ಒಂದು, ಇಲ್ಲಿಯದೇ ಗಾಳಿ ಎಬ್ಬಿಸಿದ್ದು. ಗಿಡ್ಡ, ಒತ್ತೊತ್ತು, ಗೊಂದಲದ್ದು. ಇನ್ನೊಂದು, ದೂರದ ಬಿರುಗಾಳಿಯಲ್ಲಿ ಹುಟ್ಟಿ ಇಲ್ಲಿಯ ತನಕ ಉರುಳಿ ಬಂದದ್ದು. ಸರ್ಫಿಂಗ್ ಮಾಡುವವರು ಇದನ್ನು ಸ್ವೆಲ್ ಎನ್ನುತ್ತಾರೆ, ಇದಕ್ಕಾಗಿಯೇ ಕಾಯುತ್ತಾರೆ. ನಮಗೆ ಬರುವ ಸ್ವೆಲ್‌ನ ತವರು ಹಿಂದೂ ಮಹಾಸಾಗರದ ತುತ್ತತುದಿ, ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ನಲವತ್ತು ಐವತ್ತು ಡಿಗ್ರಿ ಅಕ್ಷಾಂಶದ ಬಿರುಗಾಳಿಯ ಸೀಮೆ. ಅಲ್ಲಿಂದ ಮೂಲ್ಕಿಗೆ ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ. ಒಂದು ಅಲೆಯ ನೆತ್ತಿ ದಾಟಿದ ಮೇಲೆ ಮುಂದಿನ ಅಲೆಯ ನೆತ್ತಿ ಬರಲು ಹಿಡಿಯುವ ಸೆಕೆಂಡುಗಳೇ ಅಲೆಯ ಅವಧಿ. 14 ಸೆಕೆಂಡ್ ಅವಧಿಯ ಅಲೆಗಳ ತಂಡ ಆಳದ ಕಡಲಿನಲ್ಲಿ ಗಂಟೆಗೆ ಸುಮಾರು 40 ಕಿಲೋಮೀಟರ್ ಸಾಗುತ್ತದೆ, ನಮ್ಮ ದಡ ಮುಟ್ಟಲು ಒಂದು ವಾರ ಬೇಕು. 18 ಸೆಕೆಂಡಿನದಾದರೆ ಐದಾರು ದಿನ ಸಾಕು. ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟ ಗುಂಪಿನಲ್ಲಿ ಬಿರುಸು ಕಾಲಿನವರು ಮೊದಲು ತಲುಪಿ, ಉಳಿದವರು ದಿನವಿಡೀ ಹಿಂದೆ ಹಿಂದೆ ಬರುವ ಹಾಗೆ, ದೀರ್ಘ ಅವಧಿಯ ಅಲೆಗಳು ಮುಂಚೆ ಬಂದು, ಆಮೇಲಿನವು ಅವಧಿ ಕುಗ್ಗುತ್ತ ಬರುತ್ತವೆ. ದಾರಿಗೆ ಇಷ್ಟು ದಿನ ಹಿಡಿಯುವುದರಿಂದಲೇ ಅಲೆ ಬರುವುದನ್ನು ಇಷ್ಟು ಮೊದಲೇ ಹೇಳಲು ಆಗುತ್ತದೆ. ಮಳೆ ನಾಳಿದ್ದು ಬರುತ್ತದೋ ಇಲ್ಲವೋ ಎಂದು ತಡವರಿಸುವ ಶಾಸ್ತ್ರವೇ ದಕ್ಷಿಣದ ಸ್ವೆಲ್ ಬರುವುದನ್ನು ವಾರದ ಮುಂಚೆ ಧೈರ್ಯವಾಗಿ ಹೇಳುತ್ತದೆ. ನನಗೆ ಇದು ಕಡಲಿನ ವಿಜ್ಞಾನದಲ್ಲಿ ಬಹಳ ಸುಂದರವಾದ ಸಂಗತಿ.

ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಇನ್ಕಾಯಿಸ್ ಎಂದು ಎಲ್ಲರೂ ಕರೆಯುವ ಸಂಸ್ಥೆ, ಅಲೆಯ ಎತ್ತರ, ದಿಕ್ಕು, ಅವಧಿ, ಗಾಳಿ ಎಲ್ಲವನ್ನೂ ನಮ್ಮ ಕರಾವಳಿಗೆ ಪ್ರತಿದಿನ ಕೊಡುತ್ತದೆ. ಅದರಲ್ಲಿ ಎತ್ತರ 1 ಮೀಟರ್ ಎಂದಿದ್ದರೆ ಬರುವ ಅಲೆಗಳೆಲ್ಲ 1 ಮೀಟರ್ ಎಂದು ಅರ್ಥವಲ್ಲ. ದೊಡ್ಡವೆನಿಸಿದ ಮೂರನೇ ಒಂದು ಭಾಗದ ಅಲೆಗಳ ಸರಾಸರಿ ಅದು. ಬಹುಪಾಲು ಅಲೆ ಅದಕ್ಕಿಂತ ಸಣ್ಣವು, ಆದರೆ ಎಷ್ಟೋ ಹೊತ್ತಿಗೊಮ್ಮೆ ಅದರ ಒಂದೂವರೆ ಪಟ್ಟಿನದೂ ಬರುತ್ತದೆ, ಅಪರೂಪಕ್ಕೆ ಎರಡು ಪಟ್ಟಿನ ಹತ್ತಿರದ್ದೂ ಬರುತ್ತದೆ. ಅಲೆಯ ಎತ್ತರ ದುಪ್ಪಟ್ಟಾದರೆ ಅದರ ಬಲ ನಾಲ್ಕು ಪಟ್ಟು. ಅವಧಿ ಹೆಚ್ಚಿದಂತೆ ಬಲ ಇನ್ನೂ ಏರುತ್ತದೆ. 8 ಸೆಕೆಂಡಿನ 1 ಮೀಟರ್ ಅಲೆ ಮೆತ್ತಗೆ ಕುಸಿಯುತ್ತದೆ. 14 ಸೆಕೆಂಡಿನ 1 ಮೀಟರ್ ಅಲೆ ದಿಣ್ಣೆಗೆ ಬಂದು ಎದ್ದು ನಿಂತಾಗ ಒಂದೂವರೆ ಮೀಟರ್ ಕಂಡರೆ ಬೆರಗಾಗಬೇಡಿ. ಅಂಕಿ ಒಂದೇ, ಕಡಲು ಬೇರೆ. ಎತ್ತರದ ಪಕ್ಕದಲ್ಲೇ ಬರೆದಿರುವ ಅವಧಿಯನ್ನು ನೋಡದವರು ಮುನ್ಸೂಚನೆಯ ಅರ್ಧವನ್ನಷ್ಟೇ ಓದಿದ್ದಾರೆ. ಮೊದಲ ಸಲ ಬೋರ್ಡ್ ಮೇಲೆ ನಿಲ್ಲುವವರಿಗೆ ಅರ್ಧದಿಂದ ಮುಕ್ಕಾಲು ಮೀಟರ್ ಎತ್ತರ, ಎಂಟರಿಂದ ಹನ್ನೊಂದು ಸೆಕೆಂಡ್ ಅವಧಿ ಹಿತ.

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ನಮ್ಮಲ್ಲಿ ಬಹುತೇಕ ದಿನಗಳು ಈ ಅಳತೆಯ ಆಸುಪಾಸಿನಲ್ಲೇ ಇರುತ್ತವೆ. ಕೆಲವು ದಿನ ಅಲೆ ಇಲ್ಲದೆ ಕಡಲು ಕೆರೆಯಂತೆ ಬಿದ್ದಿರುವುದೂ ಉಂಟು. ಚಳಿಗಾಲದಲ್ಲಿ ಅರೇಬಿಯಾದ ಕಡೆ ಬೀಸುವ ಶಮಾಲ್ ಎಂಬ ಗಾಳಿ ಎಬ್ಬಿಸಿದ ಅಲೆಗಳು ವಾಯವ್ಯದಿಂದ ನಮ್ಮ ಪಶ್ಚಿಮ ಕರಾವಳಿಗೆ ಇಳಿದು ಬರುತ್ತವೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇವನ್ನು ಅಧ್ಯಯನ ಮಾಡಿದ್ದಾರೆ. ಆರರಿಂದ ಎಂಟು ಸೆಕೆಂಡಿನ ಚಿಕ್ಕ ಅಲೆಗಳಿವು, ಕಲಿಯುವವರಿಗೆ ತೊಂದರೆಯಿಲ್ಲ. ಮಾರ್ಚ್ ದಾಟಿದರೆ ದಕ್ಷಿಣದ ಸ್ವೆಲ್‌ಗೆ ಬಲ ಕೂಡುತ್ತದೆ, ಮೇ ಕೊನೆ ಪಳಗಿದವರ ಕಾಲ. ಸ್ಪರ್ಧೆಗಳು ಆ ಹೊತ್ತಿನಲ್ಲಿ ನಡೆಯುವುದು ಅದಕ್ಕೇ.

ಗಾಳಿಯ ಲೆಕ್ಕ ಸುಲಭ. ಇರುಳಿಡೀ ನೆಲ ತಣಿದು, ಘಟ್ಟದ ಕಡೆಯಿಂದ ಕಡಲಿಗೆ ಮೂಡುಗಾಳಿ ಬೀಸುತ್ತದೆ. ಎದುರಿನಿಂದ ಬಂದ ಈ ಗಾಳಿ ಅಲೆಯ ಮುಖವನ್ನು ಸವರಿ ನುಣುಪು ಮಾಡುತ್ತದೆ, ಅಲೆ ಬೇಗ ಕುಸಿಯದಂತೆ ಎತ್ತಿ ಹಿಡಿಯುತ್ತದೆ. ಬಿಸಿಲೇರಿ ಹತ್ತೂವರೆ ಹನ್ನೊಂದಾದರೆ ಪಡುಗಾಳಿ ತಿರುಗುತ್ತದೆ, ಮಧ್ಯಾಹ್ನಕ್ಕೆ ಕಡಲೆಲ್ಲ ಬಿಳಿ ನೊರೆ. ಕಲಿಯುವವರು ಬೆಳಿಗ್ಗೆ ಆರೂವರೆಗೆ ನೀರಿಗೆ ಇಳಿದು ಒಂಬತ್ತಕ್ಕೆ ಮೇಲೆ ಬರುವುದು ಎಲ್ಲ ರೀತಿಯಲ್ಲೂ ಲೇಸು. ಬಿಸಿಲಿನ ಉರಿಯೂ ತಪ್ಪುತ್ತದೆ. ಆದರೆ ಮೂಡುಗಾಳಿ ಜೋರಿರುವ ಬೆಳಗ್ಗೆ ಬೋರ್ಡ್ ಮೇಲೆ ಮಲಗಿ ಕೈ ಚಾಚಿಕೊಂಡು ತೇಲಬೇಡಿ, ಅದು ನಿಮ್ಮನ್ನು ಮೆಲ್ಲನೆ ಹೊರಕ್ಕೆ ತಳ್ಳುತ್ತಿರುತ್ತದೆ.

ಉಬ್ಬರ ಇಳಿತಕ್ಕೆ ಬರೋಣ. ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತವೆ. ಅಮಾವಾಸ್ಯೆ ಹುಣ್ಣಿಮೆಯ ಸುತ್ತ ಏರಿಳಿತ ಹೆಚ್ಚು, ಅಷ್ಟಮಿಯ ಸುತ್ತ ಕಡಿಮೆ. ಗೋಡೆಯ ಮೇಲಿನ ಕ್ಯಾಲೆಂಡರೇ ಇದಕ್ಕೆ ಸಾಕು. ಉಬ್ಬರ ತುಂಬಿದಾಗ ಅಲೆ ದಿಣ್ಣೆ ದಾಟಿ ಬಂದು ದಡದ ಇಳಿಜಾರಿಗೇ ಅಪ್ಪಳಿಸುತ್ತದೆ; ಆಗ ಬಿದ್ದರೆ ಕುತ್ತಿಗೆಗೆ, ಭುಜಕ್ಕೆ ಏಟು. ನೀರು ನಡುಮಟ್ಟದಲ್ಲಿದ್ದು ಏರುತ್ತಿರುವ ಹೊತ್ತು ಹೊಸಬರದು. ಇನ್ನು ಸಸಿಹಿತ್ಲುವಿಗೆ ಒಂದು ವಿಶೇಷ ಎಚ್ಚರಿಕೆ ಇದೆ. ಇಳಿತದಲ್ಲಿ ಎರಡು ನದಿಗಳ ನೀರು ಅಳಿವೆಯ ಬಾಗಿಲಿನಿಂದ ಒಟ್ಟಾಗಿ ಕಡಲಿಗೆ ನುಗ್ಗುತ್ತದೆ. ಮಳೆ ನಿಂತ ಹೊಸದರಲ್ಲಿ ನದಿಯೂ ತುಂಬಿರುತ್ತದೆ. ಅಲ್ಲಿ ಎಂಥ ಈಜುಗಾರನ ಕೈಕಾಲೂ ನಡೆಯುವುದಿಲ್ಲ. ಅಳಿವೆಯ ಮರಳು ಪ್ರತಿವರ್ಷ ಜಾಗ ಬದಲಿಸುವುದರಿಂದ ಹೋದ ವರ್ಷ ಇಳಿದ ಕಡೆಯೇ ಈ ವರ್ಷವೂ ಇಳಿಯುತ್ತೇನೆ ಎನ್ನುವುದು ಸಲ್ಲದು. ಅಳಿವೆಯಿಂದ ದೂರ ಇರಿ, ಇಳಿತದಲ್ಲಂತೂ ಅತ್ತ ಸುಳಿಯಲೇಬೇಡಿ.

ಅಳಿವೆ ಬಿಟ್ಟು ತೀರದಲ್ಲೂ ಸೆಳೆತ ಇರುತ್ತದೆ. ದಿಣ್ಣೆ ಹಾರಿ ಒಳಬಂದ ನೀರು ಹಿಂದಕ್ಕೆ ಹೋಗಲು ದಿಣ್ಣೆಯ ನಡುವಿನ ಕಂಡಿಯನ್ನು ಹುಡುಕುತ್ತದೆ. ಎರಡೂ ಬದಿ ಅಲೆ ಮುರಿಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕಡುಬಣ್ಣವಾಗಿ ಕಂಡರೆ, ಅದರಲ್ಲಿ ನೊರೆ ಕಸಕಡ್ಡಿ ಹೊರಕ್ಕೆ ಹೋಗುತ್ತಿದ್ದರೆ, ಅದೇ ಸೆಳೆತ. ಗೊತ್ತಿಲ್ಲದವರು ಅಲೆಯಿಲ್ಲದ ಜಾಗ ಕ್ಷೇಮ ಎಂದುಕೊಂಡು ಅಲ್ಲೇ ಇಳಿಯುತ್ತಾರೆ. ನಮ್ಮ ಕರಾವಳಿಯಲ್ಲಿ ಪ್ರವಾಸಕ್ಕೆ ಬಂದ ಮಕ್ಕಳ ಜೀವ ಹೋಗುವ ಸುದ್ದಿ ಓದಿದಾಗಲೆಲ್ಲ ಈ ಒಂದು ಗುರುತನ್ನು ಪ್ರತಿ ಶಾಲೆಯಲ್ಲೂ ಹೇಳಿಕೊಡಬೇಕಿತ್ತು ಎನಿಸುತ್ತದೆ. ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಿ ಸೋಲಬೇಡಿ. ಸೆಳೆತ ನೀರಿನಡಿಗೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೆ. ಬೋರ್ಡನ್ನು ಬಿಡದೆ ಹಿಡಿದು, ದಡಕ್ಕೆ ಸಮಾನಾಂತರವಾಗಿ ಅಲೆ ಮುರಿಯುವ ಕಡೆ ಸಾಗಿ, ಅಲ್ಲಿಂದ ನೊರೆಯ ಜೊತೆ ಬನ್ನಿ. ಕೈ ಎತ್ತಿ ಕೂಗಿ.

ಹವೆಯಲ್ಲಿ ಅಂಜಬೇಕಾದದ್ದು ಎರಡು. ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯಾಹ್ನದ ಮೇಲೆ ಘಟ್ಟದ ಕಡೆಯಿಂದ ಗುಡುಗು ಕಟ್ಟಿಕೊಂಡು ಬರುತ್ತದೆ. ಗುಡುಗು ಕಿವಿಗೆ ಬಿತ್ತೆಂದರೆ ನೀರಿನಿಂದ ಏಳಬೇಕು, ತೆಂಗಿನ ಮರದ ಬುಡಕ್ಕೂ ಹೋಗಬಾರದು. ಎರಡನೆಯದು ಅರಬ್ಬಿ ಸಮುದ್ರದ ಚಂಡಮಾರುತ. 2017ರ ಕೊನೆಯಲ್ಲಿ ಓಖಿ, 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ನಮ್ಮ ನೆಲಕ್ಕೆ ಕಾಲಿಡದೆ ಕಡಲಿನಲ್ಲೇ ಹಾದುಹೋದರೂ ಅಲೆಗಳನ್ನು ಇಲ್ಲಿಗೆ ಅಟ್ಟಿದವು. ಬಿಸಿಲು ಬಿದ್ದ ನೀಲಿ ಆಕಾಶದ ಕೆಳಗೂ ಕಡಲು ಉಕ್ಕಬಹುದು. ಇನ್ಕಾಯಿಸ್ ಅಲೆಯುಬ್ಬರದ ಎಚ್ಚರಿಕೆ ಕೊಟ್ಟ ದಿನ, ಹವಾಮಾನ ಇಲಾಖೆ ಮೀನುಗಾರರಿಗೆ ಕಡಲಿಗೆ ಇಳಿಯಬೇಡಿ ಎಂದ ದಿನ, ಬೋರ್ಡ್ ಗೋಡೆಗೆ ಒರಗಿರಲಿ.

ದಡದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದರೆ ಬಲೆಯೊಳಗೆ ಬೋರ್ಡ್ ನುಗ್ಗಿಸಬೇಡಿ. ಅದು ಹತ್ತಾರು ಮನೆಗಳ ಅಂದಿನ ಅನ್ನ. ಆ ಬಲೆ ಎಳೆಯುವವರೇ ನಿಮಗೆ ಅಲ್ಲಿ ಸಿಗುವ ಉತ್ತಮ ಮುನ್ಸೂಚಕರು. "ಅಣ್ಣಾ, ಇವತ್ತು ಸೆಳೆತ ಎಲ್ಲಿದೆ?" ಎಂದು ಕೇಳಿ, ಕೈ ತೋರಿಸಿ ಹೇಳುತ್ತಾರೆ.

ಈ ಸಲ ಮೂಲ್ಕಿಗೆ ಹೊರಡುವ ಕೇಳುಗರಲ್ಲಿ ನನ್ನ ವಿನಂತಿ ಇಷ್ಟು. ಎತ್ತರದ ಜೊತೆ ಅವಧಿ, ಗಾಳಿ, ಉಬ್ಬರದ ಹೊತ್ತು ಇವನ್ನು ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ತರಬೇತಿ ಪಡೆದ ಗುರುವಿಲ್ಲದೆ ಮೊದಲ ಸಲ ಇಳಿಯಬೇಡಿ. ನೀರಿಗೆ ಕಾಲಿಡುವ ಮುಂಚೆ ಮರಳಿನ ಮೇಲೆ ಒಂದು ಕಾಲು ಗಂಟೆ ನಿಂತು ಕಡಲನ್ನು ನೋಡಿ. ಅಪಾಯ ಕಂಡರೆ 112ಕ್ಕೆ, ಕರಾವಳಿ ಕಾವಲು ಪೊಲೀಸರ 1093ಕ್ಕೆ, ಇಲ್ಲವೇ ಕೋಸ್ಟ್ ಗಾರ್ಡ್‌ನ 1554ಕ್ಕೆ ಕೂಡಲೇ ಕರೆ ಮಾಡಿ. ಈ ಮೂರು ಸಂಖ್ಯೆಗಳನ್ನು ಈಗಲೇ ಬರೆದಿಟ್ಟುಕೊಳ್ಳಿ.