ಲಂಡನ್ ನಗರದ ಹಳೆಯ ಚರ್ಚುಗಳು



ಲಂಡನ್ನಿಗೆ ಹೋದ ನಮ್ಮವರು ಸೇಂಟ್ ಪಾಲ್ಸ್ ಮಹಾದೇವಾಲಯವನ್ನು ನೋಡದೆ ಹಿಂದಿರುಗುವುದು ಅಪರೂಪ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಹೋರಾಡಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಎನಿಸಿದ ಆರ್ಥರ್ ವೆಲ್ಲೆಸ್ಲಿಯ ಸಮಾಧಿಯೂ ಅದರ ನೆಲಮಾಳಿಗೆಯಲ್ಲಿದೆ. ಆದರೆ ಅಲ್ಲಿಂದ ಹೊರಟೊಡನೆ ಬಂಡಿಯನ್ನು ಹತ್ತಬೇಡಿರೆಂದು ನನ್ನ ಬಿನ್ನಹ. 'ಸಿಟಿ' ಎಂದು ಹೆಸರಾದ, ಒಂದು ಚದರ ಮೈಲಿಯಷ್ಟರ ಆ ಹಳೆಯ ಊರನ್ನು ಕಾಲ್ನಡಿಗೆಯಲ್ಲಿ ಸುತ್ತಬೇಕು. ಬೆಂದುಹೋದ ದೇವಮಂದಿರವನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಒಂದೇ ನಗರವು ಕೊಟ್ಟ ಬೇರೆ ಬೇರೆ ಉತ್ತರಗಳು ಅಲ್ಲಿ ಕಾಣಸಿಗುವುವು.

ಈ ಊರು ಎರಡು ಸಲ ಬೆಂದಿತು. 1666ರಲ್ಲಿ ರೊಟ್ಟಿ ಸುಡುವವನೊಬ್ಬನ ಮನೆಯಲ್ಲಿ ಹುಟ್ಟಿದ ಬೆಂಕಿಯು ನಾಲ್ಕು ದಿನ ಉರಿದು 80ಕ್ಕೂ ಹೆಚ್ಚು ಚರ್ಚುಗಳನ್ನು ನುಂಗಿತು. ಆಕ್ಸ್‌ಫರ್ಡಿನಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಕ್ರಿಸ್ಟೊಫರ್ ರೆನ್ ಎಂಬಾತನು, ಕಲ್ಲಿದ್ದಲಿನ ಮೇಲೆ ವಿಧಿಸಿದ ತೆರಿಗೆಯ ಹಣದಿಂದ, ಸೇಂಟ್ ಪಾಲ್ಸನ್ನೂ ಸುಮಾರು 50 ಚರ್ಚುಗಳನ್ನೂ ಮರಳಿ ಎಬ್ಬಿಸಿದನು. ಅವುಗಳಲ್ಲಿ ಅನೇಕವು 1940-41ರಲ್ಲಿ ಜರ್ಮನ್ ವಿಮಾನಗಳ ಬಾಂಬುಗಳಿಗೆ ತುತ್ತಾದವು.

ಚೀಪ್‌ಸೈಡ್ ಬೀದಿಯ ಸೇಂಟ್ ಮೇರಿ-ಲ-ಬೋ ಚರ್ಚನ್ನು ನೋಡಿರಿ. ಅದರ ಗಂಟೆಯ ದನಿ ಕೇಳುವಷ್ಟು ಸಮೀಪದಲ್ಲಿ ಹುಟ್ಟಿದವನೇ ನಿಜವಾದ ಲಂಡನ್ನಿಗನೆಂದು ಅಲ್ಲಿಯವರ ನಂಬಿಕೆ. 1941ರಲ್ಲಿ ಆ ಗಂಟೆಗಳು ಗೋಪುರದಿಂದ ಕಳಚಿ ಬಿದ್ದುವು. ಜನರು ಸುಮ್ಮನಿರಲಿಲ್ಲ, ಹೊಸ ಗಂಟೆಗಳನ್ನು ಎರಕಹೊಯ್ಯಿಸಿ, ಮಂದಿರವನ್ನು ಮತ್ತೆ ಕಟ್ಟಿ, 1964ರಲ್ಲಿ ಪ್ರತಿಷ್ಠೆ ಮಾಡಿದರು.

ಥೇಮ್ಸ್ ನದಿಯ ಕಡೆಗಿರುವ ಸೇಂಟ್ ಡನ್‌ಸ್ಟನ್-ಇನ್-ದಿ-ಈಸ್ಟ್ ಚರ್ಚಿನಲ್ಲಿ ಹೀಗಾಗಲಿಲ್ಲ. ರೆನ್ನನ ಗೋಪುರವು ಉಳಿಯಿತು. ಮಂದಿರಕ್ಕೆ ಮಾತ್ರ ಮತ್ತೆ ಸೂರು ಹೊದಿಸಲಿಲ್ಲ. 1971ರಿಂದ ಅದು ಸಾರ್ವಜನಿಕರ ಉದ್ಯಾನ. ಗಾಜಿಲ್ಲದ ಕಿಟಕಿಗಳಲ್ಲಿ ಬಳ್ಳಿಗಳು ಹಬ್ಬಿವೆ. ಕಚೇರಿಯ ಗುಮಾಸ್ತರು ಮಧ್ಯಾಹ್ನದ ಬುತ್ತಿಯನ್ನು ಅಲ್ಲಿ ಬಿಚ್ಚುತ್ತಾರೆ.

ಮೂರನೆಯ ಉತ್ತರವು ವಿಚಿತ್ರವಾದುದು. ಸೇಂಟ್ ಮೇರಿ ಆಲ್ಡರ್‌ಮನ್‌ಬರಿಯ ಸುಟ್ಟ ಕಲ್ಲುಗಳನ್ನು ಅಮೆರಿಕದ ಫುಲ್ಟನ್ ಎಂಬ ಊರಿಗೆ ಸಾಗಿಸಿ, 1946ರಲ್ಲಿ ಅಲ್ಲಿ ಭಾಷಣಮಾಡಿದ ಚರ್ಚಿಲ್ಲರ ಸ್ಮಾರಕವಾಗಿ ಪುನಃ ಜೋಡಿಸಿರುವರು. ಲಂಡನ್ನಿನಲ್ಲಿ ಉಳಿದಿರುವುದು ಬುನಾದಿಯ ಗುರುತು, ಒಂದು ಸಣ್ಣ ತೋಟ, ಮತ್ತು ಹೆಮಿಂಜ್, ಕಾಂಡೆಲ್ ಎಂಬ ಇಬ್ಬರು ನಟರ ಸ್ಮಾರಕ. ಷೇಕ್ಸ್‌ಪಿಯರನ ಗೆಳೆಯರಾದ ಇವರು 1623ರಲ್ಲಿ ಅವನ 36 ನಾಟಕಗಳನ್ನು ಕೂಡಿಸಿ ಪ್ರಕಟಿಸಿದರು. ಅವುಗಳಲ್ಲಿ 18 ಅದುವರೆಗೆ ಅಚ್ಚಾಗಿರಲೇ ಇಲ್ಲ. 'ಮ್ಯಾಕ್‌ಬೆತ್' ಅವುಗಳಲ್ಲೊಂದು.

ಮೂರರಲ್ಲಿ ಯಾವುದು ಸರಿ? ಮತ್ತೆ ಕಟ್ಟಿದಲ್ಲಿ ಪೂಜೆಯು ಉಳಿಯಿತು, ಗಾಯವು ಮರೆಯಾಯಿತು. ಹಾಗೆಯೇ ಬಿಟ್ಟಲ್ಲಿ ಗಾಯವು ಉಳಿಯಿತು, ಪೂಜೆಯು ನಿಂತಿತು. ಸಾಗಿಸಿದಲ್ಲಿ ಕಲ್ಲು ಉಳಿಯಿತು, ಸ್ಥಳವು ಬರಿದಾಯಿತು. ಪಾಠ ಹೇಳುವ ಕಸುಬಿನವನಾದ ನನಗೆ ಆ ಬರಿದಾದ ತೋಟವೇ ಪ್ರಿಯವೆಂದರೆ ತಾವು ಮನ್ನಿಸಬೇಕು. ಮಂದಿರವು ಕಡಲು ದಾಟಿ ಹೋದರೂ, ಗೆಳೆಯನ ಮಾತನ್ನು ಅಳಿಯಗೊಡದ ಆ ಇಬ್ಬರ ಹೆಸರು ಅಲ್ಲಿಯೇ ನಿಂತಿದೆ. ಹೋದವರು ಅಲ್ಲಿ ಒಂದು ಗಳಿಗೆ ಕುಳಿತು ಬರಬೇಕು.